ತೊಂಬತ್ತನಾಲ್ಕು ಅಂಕದ ಅಳು

ಜನವರಿ 9

ಗುಮ್ಮನಂಥ ನನ್ನ ಅಳಿಯನಿಗೆ, ಮತ್ತು ಅವನಿಗಿಂತ ಮೊದಲು ಈ ಕಾಗದ ಬಿಚ್ಚಿ ಓದುವ ಜೈಲಿನ ಸಾಹೇಬರಿಗೆ, ಸೋದರಮಾವನ ನಮಸ್ಕಾರ.

ಸಾಹೇಬರೇ, ಹೋದ ಸಲ ನನ್ನ ಕಾಗದದ ಕೊನೆಯಲ್ಲಿ, ನಿಮ್ಮ ಮೊಹರಿನ ಪಕ್ಕ, 'ನಗಿಸುತ್ತೀರಿ' ಎಂದು ಪೆನ್ಸಿಲಿನಲ್ಲಿ ಗೀಚಿದ್ದಿರಂತೆ. ಅಳಿಯ ತಿಳಿಸಿದ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯನ್ನು ಎರಡು ಸಲ ಓದಿದವನು ನಾನು. ಉಳಿದವರಿಗಿಂತ ಒಂದು ವರ್ಷ ಹೆಚ್ಚಿನ ವಿದ್ಯೆ. ಅದು ಎಲ್ಲಿ ಹೋಗುತ್ತದೆ ಹೇಳಿ.

ಈಗ ವಿಷಯಕ್ಕೆ ಬರುತ್ತೇನೆ. ಶಿಕ್ಷೆ ಮುಗಿಯುವ ಮೊದಲೇ ಬಿಡುವ ವಿಚಾರಣೆಯಲ್ಲಿ ಎರಡನೇ ಸಲವೂ ನಿನ್ನನ್ನು ಬಿಡಲಿಲ್ಲ ಎಂದು ಮನೆಗೆ ಸರ್ಕಾರಿ ಕಾಗದ ಬಂತು. ನಿನ್ನ ಅಮ್ಮ ಅದನ್ನು ಓದಿ, ನಾಲ್ಕಾಗಿ ಮಡಚಿ, ಊಟದ ಮೇಜಿನ ಕಾಲಿನ ಕೆಳಗೆ ತುರುಕಿದಳು. "ಎಷ್ಟು ದಿನದಿಂದ ಅಲ್ಲಾಡ್ತಿತ್ತು ಇದು" ಅಂದಳು. ನಮ್ಮ ಮನೆತನ ನಿನಗೆ ಗೊತ್ತಲ್ಲ, ಹೊಟ್ಟೆಯೊಳಗೆ ಬೆಂಕಿ ಬಿದ್ದಷ್ಟೂ ಬಾಯಿಮಾತು ತಣ್ಣಗಾಗುತ್ತದೆ. ನಮ್ಮಪ್ಪ ಹೋದ ದಿನ ನಾನೂ ಅಕ್ಕನೂ ಬಂದವರಿಗೆ ಎಷ್ಟು ಕುರ್ಚಿ ಬೇಕೆಂದು ಲೆಕ್ಕ ಹಾಕುತ್ತಾ ಕೂತಿದ್ದೆವು. ಬಂದವರು ನಮ್ಮನ್ನು ಕಲ್ಲು ಅಂದರು.

ಅವಳು ಅತ್ತ ಹೋದ ಮೇಲೆ ನಾನು ಮೇಜೆತ್ತಿ ಕಾಗದ ತೆಗೆದು ಓದಿದೆ. 'ಪಶ್ಚಾತ್ತಾಪ: ನೂರಕ್ಕೆ ಹತ್ತೊಂಬತ್ತು. ಕನಿಷ್ಠ ಅರವತ್ತು ಬೇಕು.' ಅಂಕ ಕೊಟ್ಟಿದ್ದು ಮನುಷ್ಯರಲ್ಲ, ದನಿ ಕೇಳಿ ಮನಸ್ಸಿನಲ್ಲಿರುವುದನ್ನು ಹೇಳುವ ಯಂತ್ರ. ಮೂರನೆಯ ವಿಚಾರಣೆ ಮೇ ತಿಂಗಳಲ್ಲಿ, ಅದೇ ಕೊನೆ. ಅದೂ ಹೋದರೆ ಉಳಿದ ಆರು ವರ್ಷ ಪೂರ್ತಿ ಅಲ್ಲೇ.

ಆ ಕಾಗದದ ಅಡಿಯಲ್ಲಿ ಯಂತ್ರ ಮಾಡಿದ ಕಂಪನಿಯ ಗುರುತಿತ್ತು. ಒಂದು ಕಿವಿ, ಅದರೊಳಗೆ ಒಂದು ಪುಟ್ಟ ದೀಪ. ನೋಡಿದ್ದೇ ತಡ, ಮೇಜಿನಡಿ ಕೂತಿದ್ದವನು ತಲೆ ಚಚ್ಚಿಕೊಂಡೆ. ಅಳಿಯ, ಆ ಯಂತ್ರಕ್ಕೆ ಅಳುವುದು ಹೇಗೆಂದು ಕಲಿಸಿದವನೇ ನಿನ್ನ ಮಾವ.

ಸುಳ್ಳಲ್ಲ. ಮೂರು ವರ್ಷದ ಹಿಂದೆ, ನೀನು ಒಳಗೆ ಹೋದ ಮರುವರ್ಷ, ಬಸ್ ನಿಲ್ದಾಣದಲ್ಲಿ ಬಸ್ಸಿನ ಹೆಸರು ಕೂಗುವ ನನ್ನ ಕೆಲಸ ಹೋಯಿತಲ್ಲ, ಆಗ ಆ ಕಂಪನಿಯವರು ದನಿ ಕೊಡುವವರನ್ನು ಹುಡುಕುತ್ತಿದ್ದರು. ಮುನ್ನೂರು ಜನ ಬಂದಿದ್ದರು. ನನ್ನನ್ನು ಕೇಳಿದ ಮೇಲೆ ಉಳಿದವರಿಗೆ ನೀರು ಕುಡಿಸಿ ಕಳಿಸಿದರು. ಯಾರಿಗೂ ಹೇಳಬಾರದೆಂದು ಸಹಿ ಹಾಕಿಸಿಕೊಂಡಿದ್ದರಿಂದ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನಾನು ಇಂಥದ್ದನ್ನು ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ ಅಂದರೆ ಕಷ್ಟ ಎಷ್ಟು, ನೀನೇ ಯೋಚಿಸು.

ಇನ್ನು ನಿನಗೇನು ಭಯ. ಮೇಷ್ಟರೇ ಮನೆಯಲ್ಲಿರುವಾಗ ಪರೀಕ್ಷೆಗೆ ಹೆದರುತ್ತಾರೆಯೇ. ಆ ಕೋಣೆಯಲ್ಲಿ ಏನೇನಿದೆ, ನೀನು ಏನು ಹೇಳಿದೆ, ಎಲ್ಲ ಬರೆ. ಆ ದಿನದ ಮಾತು ಮಾತ್ರ ಕಾಗದದಲ್ಲಿ ಬೇಡ.

ನಿನ್ನ ಮಾವ


ಜನವರಿ 27

ಮಾವ,

ಕಾಗದ ಬಂತು. ನಾನು ಚೆನ್ನಾಗಿದ್ದೇನೆಂದು ಅಮ್ಮನಿಗೆ ಹೇಳು. ಈಗ ಬೆತ್ತದ ಕುರ್ಚಿ ಹೆಣೆಯುವ ಶೆಡ್ಡಿಗೆ ಹಾಕಿದ್ದಾರೆ. ಕೈ ಒರಟಾಗಿದೆ, ಅಷ್ಟೇ.

ಕೋಣೆ ಚಿಕ್ಕದು. ಮೇಜಿನ ಆಚೆ ಮೂವರು ಸದಸ್ಯರು, ಈಚೆ ನಾನು, ನಡುವೆ ಮೈಕು. ಮಾತಾಡುವಾಗ ಮೈಕಿನ ಬುಡದಲ್ಲಿ ದೀಪ ಹತ್ತುತ್ತದೆ, ನಿಲ್ಲಿಸಿದರೆ ಆರುತ್ತದೆ. ನಾನು ಹೇಳಿದ್ದು ಇಷ್ಟು: "ಬೇಕರಿ ವ್ಯಾನು ಓಡಿಸ್ತಿದ್ದೆ. ಗಮನ ತಪ್ಪಿತ್ತು. ಆ ಹೆಂಗಸು ರಸ್ತೆಗೆ ಇಳಿದಿದ್ದು ನೋಡ್ಲಿಲ್ಲ. ಅವರು ಸತ್ತರು. ತಪ್ಪು ನನ್ನದು. ದಿನಾ ನೆನಪಾಗುತ್ತೆ." ದೀಪ ಆರಿತು. ಹತ್ತೊಂಬತ್ತು ಬಂತು.

ಹಿಂದಿನ ಬೆಂಚಿನಲ್ಲಿ ಆ ಹೆಂಗಸಿನ ಗಂಡ ಕೂತಿರುತ್ತಾರೆ. ದರ್ಜಿ. ಅಳತೆಯ ಟೇಪನ್ನು ಕೊರಳಲ್ಲೇ ಮರೆತು ಬಂದಿರುತ್ತಾರೆ. ಮೊದಲ ಸಲ ಅವರು ನನ್ನ ಕಡೆ ನೋಡಲಿಲ್ಲ. ಈ ಸಲ ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತರು. "ಯಂತ್ರ ಏನಾದ್ರೂ ಅನ್ಲಿ ಕಣಪ್ಪ, ನೀನು ಹೇಳಿದ್ದು ನಂಗೆ ಕೇಳಿಸ್ತು" ಅಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಆ ಮಾತೊಂದಿದ್ದರೆ ಇನ್ನಾರು ವರ್ಷ ಹೇಗೋ ಕಳೆಯುತ್ತೇನೆ.

ಅಳುವುದನ್ನು ಕಲಿಸಬೇಡ, ಮಾವ. ನನಗೆ ಬರುವುದಿಲ್ಲ.

ಗಮನ ಯಾಕೆ ತಪ್ಪಿತು ಎಂದು ಸದಸ್ಯರು ಎರಡು ಸಲವೂ ಕೇಳಿದರು. ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ನೀನು ನಿಶ್ಚಿಂತೆಯಿಂದಿರು.


ಫೆಬ್ರವರಿ 11

ಹಟಮಾರಿ ಅಳಿಯನಿಗೆ, ಮತ್ತು ಸಾಹೇಬರಿಗೆ,

ಬರುವುದಿಲ್ಲವಂತೆ. ಸೈಕಲ್ಲು ಬರುವುದಿಲ್ಲ ಅಂದವನು ನೀನೇ, ಕಲಿಸಿದವನು ನಾನೇ. ಆ ದರ್ಜಿಯ ಮಾತು ಒಳ್ಳೆಯದೇ, ಆದರೆ ಗೇಟಿನ ಬೀಗದ ಕೈ ದರ್ಜಿಯ ಹತ್ತಿರ ಇಲ್ಲ, ಯಂತ್ರದ ಹತ್ತಿರ ಇದೆ. ನಿನ್ನ ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ನಿನ್ನ ಹಳೆಯ ನೀಲಿ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ, "ನಾನು ಕಾಯ್ತೀನಿ, ನಂಗೇನು. ಅವನು ಅಲ್ಲಿ ಅಭ್ಯಾಸ ಆಗಿಬಿಡ್ತಾನೆ, ಅದೇ ಹೆದರಿಕೆ" ಅಂದಳು. ನನ್ನ ಮುಖ ನೋಡಲಿಲ್ಲ.

ಆದ್ದರಿಂದ ಬಾಯಿ ಮುಚ್ಚಿಕೊಂಡು ಪಾಠ ಕೇಳು.

ಆ ಕಂಪನಿಯ ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು, ಹಾಸಿಗೆಯೊಳಗೆ ಹೊಕ್ಕ ಹಾಗೆ. ಗಾಜಿನ ಆಚೆ ಒಬ್ಬಳು ಹುಡುಗಿ, ಕಿವಿಗೆ ಹೆಡ್‌ಫೋನು. ಕೈಗೊಂದು ಹಾಳೆ ಕೊಟ್ಟಳು. ಸಾಲುಗಳು ಎರಡೂ ಕಡೆ ಒಂದೇ, ಆದರೆ ಎಡಗಡೆ 'ನಿಜ' ಎಂದು ಬರೆದಿತ್ತು, ಬಲಗಡೆ 'ನಾಟಕ'. ಪಶ್ಚಾತ್ತಾಪ ನಿಜವಾಗಿ ಆದವರು ಹೇಗೆ ಹೇಳುತ್ತಾರೆ, ಆಗದೆ ಇದ್ದವರು ಹೇಗೆ ಹೇಳುತ್ತಾರೆ, ಎರಡನ್ನೂ ಕೇಳಿ ಯಂತ್ರ ಕಲಿಯಬೇಕು.

ಎಡಗಡೆಯದನ್ನು ನಾನು ಎತ್ತಿಕೊಂಡೆ ನೋಡು. ಮೊದಲ ಮಾತಿಗೆ ದನಿ ಕೆಳಗೆ. ಎರಡನೆಯದಕ್ಕೆ ಉಸಿರು ಎರಡು ತುಂಡು. 'ತಪ್ಪು' ಎಂಬಲ್ಲಿ ಗಂಟಲಲ್ಲಿ ಕಲ್ಲು ಸಿಕ್ಕಿದಂತೆ ನಿಲ್ಲಬೇಕು, ಮನಸ್ಸಿನಲ್ಲೇ ಮೂರು ಎಣಿಸಬೇಕು, ಆಮೇಲೆ ಮೂಗಿನಿಂದ ಒಂದು ಎಳೆತ, ಅದರ ಹಿಂದೆಯೇ ಬಿಕ್ಕು. ಬಿಕ್ಕು ಎರಡೇ. ಮೂರಾದರೆ ಬಿಕ್ಕಳಿಕೆ ಅಂದುಕೊಂಡು ನೀರು ತಂದುಕೊಡುತ್ತಾರೆ. ಗಾಜಿನಾಚೆಯ ಹುಡುಗಿ ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಂಡಳು. ಅವಳಿಗೆ ನೆಗಡಿಯೂ ಇತ್ತು, ಅದು ಬೇರೆ ಮಾತು.

ಬಲಗಡೆಯದು ಏನಿಲ್ಲ. ಹೊಟ್ಟೆ ಹಸಿದಿತ್ತು, ಒಣಒಣವಾಗಿ ಹೇಳಿ ಮುಗಿಸಿದೆ.

ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಮಾಡು. ನನ್ನಂತೆಯೇ ಬರಬೇಕು. ನಮ್ಮಿಬ್ಬರ ದನಿ ಒಂದೇ ಅಚ್ಚಿನದು, ಫೋನಿನಲ್ಲಿ ಅಕ್ಕನೇ ಎಷ್ಟು ಸಲ ನಿನಗೆಂದು ಎತ್ತಿಟ್ಟುಕೊಂಡ ಬೈಗುಳವನ್ನು ನನಗೆ ಬೈದಿಲ್ಲ.

ಗೆಲ್ಲುವ ಮಾವ


ಮಾರ್ಚ್ 2

ಮಾವ,

ಅಮ್ಮ ಹೇಳಿದ್ದನ್ನು ಓದಿದೆ. ಅಭ್ಯಾಸ ಮಾಡುತ್ತಿದ್ದೇನೆ. ಶೆಡ್ಡಿನಲ್ಲಿ ನನ್ನ ಜೊತೆ ಬೆತ್ತ ಹೆಣೆಯುವ ಮುದುಕ, "ಏನಯ್ಯ, ಯಾವಾಗ ನೋಡಿದ್ರೂ ಎರಡೇ ಸಲ ಬಿಕ್ಕ್ತೀಯ" ಎಂದು ಕೇಳಿದ. ಹೊಟ್ಟೆನೋವು ಅಂದೆ.

ಒಂದು ವಿಷಯ ಕೇಳಬೇಕು. ಹೋದ ವಾರ ವಿಚಾರಣೆಯ ಕೋಣೆಗೆ ಹೊಸ ಕುರ್ಚಿ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಕಂಪನಿಯ ಮೆಕ್ಯಾನಿಕ್ ಒಬ್ಬ ಮೈಕು ಬಿಚ್ಚಿ ಕೂತಿದ್ದ. ಕುರ್ಚಿ ಎಲ್ಲಿಡಲಿ ಎಂದು ಕೇಳಿದೆ, ನನ್ನ ದನಿಗೆ ತಲೆ ಎತ್ತಿದ. "ಹತ್ತೊಂಬತ್ತು ತಗೊಂಡೋನು ನೀನಾ? ನಿನ್ನ ಫೈಲು ನೋಡಿದೀನಿ. ನಿನ್ನ ದನಿ ನಮ್ಮ ಹಳೇ ಮಾದರಿ ದನಿ ಒಂದಕ್ಕೆ ಅಚ್ಚು ಹೊಡೆದ ಹಾಗಿದೆ. ನಿನ್ನ ಗ್ರಹಚಾರ, ಅದು ನಾಟಕದ ಗುಂಪಲ್ಲಿದೆ. ನೀನು ಬಾಯಿ ಬಿಟ್ಟ ತಕ್ಷಣ ಯಂತ್ರಕ್ಕೆ ಅವನು ನೆನಪಾಗ್ತಾನೆ" ಅಂದ.

ದನಿ ಒಂದೇ ಆದರೆ ಎಡಗಡೆಯ ಮಾವನೂ ನೆನಪಾಗಬೇಕಲ್ಲ ಎಂದು ಯೋಚಿಸಿದೆ. ಅದಕ್ಕೆ ಕೇಳಿಯೂಬಿಟ್ಟೆ. ದನಿ ಒಂದೇ ಆದರೆ ಸಾಲದು, ಹೇಳುವ ರೀತಿಯೂ ಒಂದೇ ಆಗಿರಬೇಕು ಅಂದ.

ಆ ಬಲಗಡೆಯದನ್ನು ನೀನು ಹೇಗೆ ಹೇಳಿದೆ, ಮಾವ? ಹಸಿವಿನಿಂದ ಹೇಳಿದ್ದು ನಾನು ಹೇಳಿದ ಹಾಗೆ ಹೇಗೆ ಆಗುತ್ತದೆ?


ಏಪ್ರಿಲ್ 24

ಅಳಿಯ,

ಬರೆಯುವುದು ತಡವಾಯಿತು. ದವಡೆ ಹಲ್ಲು ಕೀಳಿಸಿದೆ. ಅರ್ಧ ಮುಖ ಊದಿತ್ತು. ಡಾಕ್ಟರು, "ಇಷ್ಟು ಗಟ್ಟಿ ಹಲ್ಲು ನೋಡೇ ಇಲ್ಲ" ಅಂದರು. ಅಂದರೋ ಇಲ್ಲವೋ, ನನಗೆ ಹಾಗೆ ಕೇಳಿಸಿತು.

ಮೆಕ್ಯಾನಿಕ್ ಮಾತೆಲ್ಲ ತಲೆಗೆ ಹಾಕಿಕೊಳ್ಳಬೇಡ. ಮೇ ಹದಿನಾಲ್ಕಕ್ಕೆ ಎಡಗಡೆಯ ಹಾಗೆಯೇ ಮಾಡು. ಒಂದು ಉಸಿರೂ ನಿನ್ನದು ಹಾಕಬೇಡ. ನಿನ್ನ ಸ್ವಂತ ದನಿಯಲ್ಲಿ ಒಂದೇ ಒಂದು ಮಾತೂ ಆಡಬೇಡ. ಹೆಸರು ಕೇಳಿದರೂ ಬಿಕ್ಕಿಯೇ ಹೇಳು.

ಅಕ್ಕ ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ.

ಸಾಹೇಬರೇ, ಈ ಸಲ ನಗಿಸಲು ಆಗಲಿಲ್ಲ. ಹಲ್ಲುನೋವು.

ಮಾವ


ಮೇ 16

ಮಾವ,

ಆಯಿತು. ತೊಂಬತ್ತನಾಲ್ಕು ಬಂತು. ಈ ಕೋಣೆಯಲ್ಲಿ ಇದುವರೆಗೆ ಯಾರಿಗೂ ಅಷ್ಟು ಬಂದಿಲ್ಲವಂತೆ. ಜೂನ್ ಎರಡಕ್ಕೆ ಬೆಳಿಗ್ಗೆ ಬಿಡುತ್ತಾರೆ. ಅಮ್ಮನಿಗೆ ಹೇಳು.

ನೀನು ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಲಿಲ್ಲ. 'ತಪ್ಪು' ಎಂಬಲ್ಲಿ ನಿಂತೆ, ಮೂರು ಎಣಿಸಿದೆ. ಎರಡನೇ ಬಿಕ್ಕಿಗೆ ನಡುವಿನ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಗಮನ ಯಾಕೆ ತಪ್ಪಿತು ಎಂದು ಈ ಸಲ ಯಾರೂ ಕೇಳಲಿಲ್ಲ.

ಒಂದು ಮಾತು ನಿನಗೆ ಹೇಳಬೇಕು. ದರ್ಜಿ ಬಂದಿದ್ದರು. ನಾನು ಬಿಕ್ಕಲು ಶುರು ಮಾಡಿದಾಗ ಮುಂದೆ ಬಾಗಿ ಕೂತರು. ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದರು. ಎಲ್ಲ ಮುಗಿದ ಮೇಲೆ ಬಾಗಿಲ ಹತ್ತಿರ ನಾನೇ ನಿಂತೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಬಟ್ಟೆಗೆ ಅಳತೆ ತೆಗೆದುಕೊಳ್ಳುವವರ ಹಾಗೆ.

"ಹೋದ ಸಲ ಮಾತಾಡಿದ್ದು ನೀನೇ ತಾನೆ?"

"ಹೌದು" ಅಂದೆ. ಅದೂ ಬಿಕ್ಕಿನಲ್ಲೇ ಬಂತು, ಮಾವ. ನಾನು ಬೇಕೆಂದು ಮಾಡಲಿಲ್ಲ. ಮೂರು ತಿಂಗಳು ಹಾಗೆಯೇ ಮಾತಾಡಿ ಮಾತಾಡಿ ಬಾಯಿಗೆ ಬೇರೆ ದಾರಿ ಮರೆತಿತ್ತು.

"ಹಂಗಾದ್ರೆ ಅವತ್ತಿಂದೂ ಇಂಥದ್ದೇ ಇರ್ಬೇಕು" ಅಂದರು. "ನಾನು ದಡ್ಡ. ನಂಬಿ ಮನೇಲಿ ಅವಳ ಫೋಟೋ ಮುಂದೆ ಹೇಳ್ಬಿಟ್ಟೆ, ಹುಡುಗ ಒಳ್ಳೆಯವನು ಅಂತ."

ಹೋದರು. ಅಷ್ಟೇ.

ಬಲಗಡೆಯದರ ಬಗ್ಗೆ ನೀನು ಇನ್ನೂ ಹೇಳಿಲ್ಲ.


ಮೇ 21

ಅಳಿಯ,

ಸಾಹೇಬರೇ, ಈ ಕಾಗದವನ್ನು ನೀವು ನಿಧಾನವಾಗಿ ಓದಬೇಕು. ಇದು ನಿಮಗೂ ಬರೆದದ್ದು. ಓದಿ ಏನು ಮಾಡಬೇಕೋ ಅದನ್ನು ಮಾಡಿ. ನನ್ನ ವಿಳಾಸ ಲಕೋಟೆಯ ಹಿಂದಿದೆ. ನಾನು ಎಲ್ಲಿಗೂ ಹೋಗುವುದಿಲ್ಲ.

ಆ ದಿನ ಬೇಕರಿ ವ್ಯಾನಿನಲ್ಲಿ ಇವನ ಪಕ್ಕ ನಾನು ಕೂತಿದ್ದೆ. ನಿಲ್ದಾಣದವರೆಗೆ ಬಿಡು ಎಂದು ಹತ್ತಿದ್ದೆ. ದಾರಿಯಲ್ಲಿ ಸುಮ್ಮನಿರಲಾರದೆ ಇವನ ಬೇಕರಿ ಯಜಮಾನನ ದನಿ ತೆಗೆದೆ. ಬನ್ನು ಸುಟ್ಟುಹೋದಾಗ ಆತ ಹೇಗೆ ಮೂಗಿನಲ್ಲಿ ಬೈಯುತ್ತಾನೆ, ನಡುವೆ ಹೆಂಡತಿಯ ಫೋನು ಬಂದರೆ ಹೇಗೆ ಸಕ್ಕರೆಯಾಗುತ್ತಾನೆ, ಎಲ್ಲ. ಇವನು ನಗುವವನಲ್ಲ. ಇವನನ್ನು ನಗಿಸುವುದೇ ನನಗೆ ಒಂದು ಪಂದ್ಯ. ಅಂದು ನಗಿಸಿದೆ. ಇವನು "ಸಾಕು ಮಾವ, ಸಾಕು, ಕಣ್ಣು ಕಾಣ್ತಿಲ್ಲ" ಅಂದ. ನಿಜವಾಗಿಯೂ ನಗುವಿನ ನೀರು ಕಣ್ಣು ತುಂಬಿತ್ತು. ನಾನು ನಿಲ್ಲಿಸಲಿಲ್ಲ. ಇನ್ನೂ ಒಂದು ಸಲ ಮಾಡಿದೆ.

ಆ ಹೆಂಗಸಿನ ಕೈಯಲ್ಲಿ ಬಟ್ಟೆಯ ಗಂಟಿತ್ತು. ಹೊಲಿದು ಇಸ್ತ್ರಿ ಮಾಡಿದ ಬಟ್ಟೆ. ರಸ್ತೆಯ ತುಂಬ ಹರಡಿತ್ತು. ಇವನು ನನ್ನ ಕಡೆ ತಿರುಗಿ, ಈಗ ಮೈಕಿಗೆ ಹೇಳುತ್ತಾನಲ್ಲ, ಅದೇ ತಣ್ಣನೆಯ ದನಿಯಲ್ಲಿ, "ಮಾವ, ನೀನು ಆ ಕಡೆಯಿಂದ ಇಳಿದು ಹೋಗು" ಅಂದ. ನಾನು ಇಳಿದೆ. ಹೋದೆ. ಅಂಗಡಿಗಳ ಮುಂದೆ ಸಾಮಾನು ಕೊಳ್ಳಲು ಬಂದವನ ಹಾಗೆ ನಡೆದೆ. ಅಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಈಗ ಅಳಿಯ, ನೀನು ಕೇಳಿದ ಬಲಗಡೆ. ಹಸಿವು ಇರಲಿಲ್ಲ. ಗಾಜಿನಾಚೆಯ ಹುಡುಗಿ, "ಅಂಕಲ್, ಈಗ ಮನಸ್ಸಲ್ಲಿ ಏನೂ ಇಲ್ಲದವರ ಹಾಗೆ ಹೇಳಿ" ಅಂದಳು. ಹಾಳೆಯಲ್ಲಿದ್ದ ಸಾಲು: 'ನನ್ನಿಂದ ಒಂದು ಜೀವ ಹೋಯಿತು. ತಪ್ಪು ನನ್ನದು.' ಅದೇ ಸಾಲನ್ನು ಎಡಗಡೆ ಅತ್ತೂ ಕರೆದೂ ಹೇಳಿ ಮುಗಿಸಿದ್ದೆ, ಏನೂ ಆಗಿರಲಿಲ್ಲ. ಬಲಗಡೆಗೆ ಬಂದಾಗ ಆ ಸಾಲನ್ನು ಇನ್ನೊಮ್ಮೆ ಓದಿದೆ. ಮೇಲೆ 'ನಾಟಕ' ಎಂದು ಬರೆದಿದೆ, ಇಲ್ಲಿ ನಿಜ ಹೇಳಿದರೆ ಯಾರು ಹಿಡಿಯುತ್ತಾರೆ ಅನ್ನಿಸಿತು. ಒಂದು ವರ್ಷದಿಂದ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ನಮ್ಮ ಮನೆಯವರು ಹೇಳುವ ಹಾಗೆ, ಕುರ್ಚಿ ಎಣಿಸುವ ಹಾಗೆ ಹೇಳಿದೆ. ಹುಡುಗಿ ಹೆಬ್ಬೆರಳು ಎತ್ತಿ, "ಸೂಪರ್ ಅಂಕಲ್, ಒಂಚೂರೂ ಜೀವ ಇಲ್ಲ ಅದರಲ್ಲಿ, ಹೀಗೇ ಬೇಕಿತ್ತು, ಇನ್ನೂ ಕೊಡಿ" ಅಂದಳು. ಕೊಟ್ಟೆ. ನಲವತ್ತು ಸಲ ಹೇಳಿದೆ. ಹೊರಗೆ ಬಂದು ಆ ದಿನ ನಿದ್ದೆ ಮಾಡಿದೆ. ನನ್ನ ಹಗುರಕ್ಕೆ ನಿನ್ನ ದನಿಯನ್ನು ಸುಳ್ಳಿನ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ ಬಂದಿದ್ದೆ. ಅದು ಗೊತ್ತಾಗಿದ್ದು ನಿನ್ನ ಮಾರ್ಚ್ ತಿಂಗಳ ಕಾಗದದಿಂದ.

ಹಲ್ಲು ಕೀಳಿಸಿದ್ದು ಸುಳ್ಳು. ಕಂಪನಿಗೆ ಅಲೆದೆ. ಆರನೇ ಸಲ ಹೋದಾಗ ಆ ಹುಡುಗಿ ಸಿಕ್ಕಳು. ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ. "ತಾಯಿ, ಆ ಬಲಗಡೆಯದು ನಿಜ. ಎಡಗಡೆಯದೇ ನಾಟಕ. ತೆಗೆದು ಅದಲು ಬದಲು ಮಾಡಿ" ಅಂದೆ. ಕಲೆತುಹೋಗಿದೆಯಂತೆ, ಹಿಟ್ಟಿಗೆ ಬಿದ್ದ ಉಪ್ಪನ್ನು ಹೆಕ್ಕುವುದು ಹೇಗೆ ಎಂದು ಕೇಳಿದಳು. ಆಮೇಲೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿ ನಕ್ಕಳು. "ನೋಡಿ ಅಂಕಲ್, ನೀವು ಈಗ ಹೇಳಿದ್ದನ್ನೂ ಅದು ಕೇಳಿಸ್ಕೊಂಡಿದೆ." ಪರದೆಯ ಮೇಲೆ ನೂರಕ್ಕೆ ಹನ್ನೊಂದು ಎಂದಿತ್ತು. ಕೆಳಗೆ 'ನಾಟಕ' ಎಂದಿತ್ತು.

ಹೆದರಿದೆ ಅಳಿಯ. ನಿಜ ಹೇಳಿದರೆ ಮೇ ಹದಿನಾಲ್ಕು ಕೆಡುತ್ತದೆ, ನೀನು ಹಟ ಹಿಡಿದು ನಿನ್ನ ದನಿಯಲ್ಲೇ ಮಾತಾಡುತ್ತೀಯ ಎಂದು ಮುಚ್ಚಿಟ್ಟೆ. ನಿನ್ನನ್ನು ಹೊರಗೆ ತರುತ್ತಿದ್ದೇನೆಂದುಕೊಂಡೆ. ನಿನ್ನ ಹತ್ತಿರ ಉಳಿದಿದ್ದ ದರ್ಜಿಯ ಮಾತೊಂದನ್ನೂ ಆ ಕೋಣೆಯ ಬಾಗಿಲಲ್ಲಿ ಕಳೆದೆ.

ನಿನ್ನೆ ಆತನ ಅಂಗಡಿಯವರೆಗೆ ಹೋದೆ. ಹೊಲಿಗೆ ಯಂತ್ರದ ಮೇಲೆ ಬಾಗಿ ಕೂತಿದ್ದರು. "ಏನ್ ಬೇಕಿತ್ತು" ಅಂದರು. ನಾನು ಬಾಯಿ ತೆರೆದೆ. ಆ ದನಿ ಕೇಳಿದರೆ ಅವರಿಗೆ ನೀನೇ ನೆನಪಾಗುತ್ತೀಯ ಎಂದು ಹೊಳೆಯಿತು. ತೆರೆದ ಬಾಯಿ ಮುಚ್ಚಿ, ಒಂದು ಗುಂಡಿ ತೋರಿಸಿ, ಕೊಂಡು ಬಂದೆ. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ದನಿ ಇಲ್ಲ.

ಸಾಹೇಬರೇ, ಮುಗಿಯಿತು.


ಮೇ 30

ಮಾವ,

ನಿನ್ನ ಕಾಗದ ಸಿಕ್ಕಿತು. ಸಾಹೇಬರು ತಾವೇ ಶೆಡ್ಡಿಗೆ ಬಂದು ಕೊಟ್ಟರು. ನಿಧಾನವಾಗಿಯೇ ಓದಿದ್ದಾರೆ. ಎರಡು ಸಲ ಓದಿದರಂತೆ, ಆಫೀಸಿನಲ್ಲಿ ಉಳಿದವರಿಗೂ ಓದಿ ಹೇಳಿದರಂತೆ. "ನಿಮ್ಮ ಮಾವ ಏನು ಮನುಷ್ಯ ಮಾರಾಯ, ಕೊನೇವರೆಗೂ ನಿಜಾನೇ ಅನ್ಸತ್ತೆ" ಅಂದರು. ಕೊನೆಯಲ್ಲಿ ಮೊಹರಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ಇದುವರೆಗಿನ ಎಲ್ಲಕ್ಕಿಂತ ಇದೇ ಚೆನ್ನಾಗಿದೆ.'

ಇದು ನಿಜವೇ ಎಂದು ಅವರಿಗೆ ಯಾವ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ.

ಜೂನ್ ಎರಡಕ್ಕೆ ಎಂಟು ಗಂಟೆಗೆ ಗೇಟು ತೆರೆಯುತ್ತಾರೆ. ಬರಬೇಡ ಅನ್ನುವುದಿಲ್ಲ, ಅಮ್ಮನಿಗೆ ಒಬ್ಬಳೇ ಅಷ್ಟು ದೂರ ಆಗುವುದಿಲ್ಲ. ಬಾ. ಆದರೆ ಅಲ್ಲಿ ಏನೂ ಮಾತಾಡಬೇಡ, ನಗಿಸಲೂ ಬೇಡ. ನಾನೂ ಮಾತಾಡುವುದಿಲ್ಲ. ಅಮ್ಮ ಕಾರಣ ಕೇಳಿದರೆ, ಅಭ್ಯಾಸ ಆಗಿಬಿಟ್ಟಿದ್ದಾನೆ ಎಂದು ಹೇಳು.

ಮನೆಗೆ ಹೋಗುವ ದಾರಿಯಲ್ಲಿ ಆ ದರ್ಜಿಯ ಅಂಗಡಿ ಬರುತ್ತದೆ. ಬೇರೆ ದಾರಿ ಇದೆಯೇ ನೋಡಿಡು.